ಸೈಲೆನ್ಸರ್ ಕಟ್ ಮಾಡಿಸಿದರೆ ಆರ್‌ಎಕ್ಸ್‌ಗೆ ಪಿಕಪ್ ಬರುತ್ತಾ?

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ ಯಮಹಾ ಆರ್‌ಎಕ್ಸ್ 100 ಬೈಕ್ ಮನೆಯಲ್ಲೇ ನಿಂತಿದೆ. ತೂಕ ಇಳಿಸಿ, ಪವರ್ ಏರಿಸಿ ಮತ್ತೆ ಓಡಿಸುವ ಆಸೆ. ಸೈಲೆನ್ಸರ್ ಕಟ್ ಮಾಡಿಸಿದರೆ ಪಿಕಪ್ ಜಾಸ್ತಿ ಆಗುತ್ತೆ ಅಂತಾರೆ. ಮಾಡಿಸಲಾ?

ಉತ್ತರ: ಬೇಡ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ನಮ್ಮ ಕಲಬುರಗಿಯಲ್ಲಿ ಸೇಡಂ ರಸ್ತೆಯಿಂದ ಆಳಂದ ನಾಕಾವರೆಗೆ ಯಾವ ಗ್ಯಾರೇಜಿನ ಮುಂದೆ ನಿಂತರೂ ಇದೇ ಮಾತು ಕಿವಿಗೆ ಬೀಳುತ್ತದೆ. ಎಷ್ಟು ಸಲ ಹೇಳಿದರೂ ಮರುವಾರ ಮತ್ತೊಬ್ಬ ಕೇಳುತ್ತಾನೆ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಓದಿಸಿ.

ಮೊದಲು ತೂಕ, ಅದು ಸುಲಭ. ಆರ್‌ಎಕ್ಸ್ 100 ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. 98 ಸಿಸಿ, 11 ಅಶ್ವಶಕ್ತಿ, ತೂಕ ನೂರು ಕೆಜಿ ಆಸುಪಾಸು. ಅದರ ಗಮ್ಮತ್ತೆಲ್ಲ ಈ ಲೆಕ್ಕದಲ್ಲೇ ಇದೆ. ಮೇಲೆ 70 ಕೆಜಿ ಆಳು ಕೂತರೆ ಒಟ್ಟು 170. ಅದರಲ್ಲಿ 10 ಕೆಜಿ ಇಳಿಸಿದರೆ ಎಂಜಿನ್ ಮುಟ್ಟದೆಯೇ 0.7 ಅಶ್ವಶಕ್ತಿ ಸೇರಿಸಿದಷ್ಟು ಲಾಭ. ಭಾರದ ಕ್ರ್ಯಾಶ್ ಗಾರ್ಡ್ ಮತ್ತು ಕ್ಯಾರಿಯರ್ ತೆಗೆಯಿರಿ. ಚಕ್ರಕ್ಕೆ ಸ್ಪೋಕ್ ಇರುವ ಅಲ್ಯೂಮಿನಿಯಂ ರಿಮ್ ಹಾಕಿಸಿ. ಅಗಲ ಟೈರ್ ಹಾಕಿಸಿದರೆ ಅಲ್ಲಿ ಉಳಿಸಿದ್ದೆಲ್ಲ ಇಲ್ಲಿ ಹೋಯಿತು. ಹಿಂದೆ ಮನೆಯವರು ಕೂರುವುದಿದ್ದರೆ ಸೀರೆ ಗಾರ್ಡ್ ಮುಟ್ಟಬೇಡಿ. ಚಾಸಿಗೆ ತೂತು ಕೊರೆಯುವ ಮಾತಂತೂ ಬೇಡವೇ ಬೇಡ. ಉಳಿದ ಐದಾರು ಕೆಜಿ ಹೊಟ್ಟೆಯಿಂದ ಇಳಿಸಬಹುದು, ಅದಕ್ಕೆ ಖರ್ಚೂ ಇಲ್ಲ.

ಈಗ ಸೈಲೆನ್ಸರ್.

"ಹೊಗೆ ಸಲೀಸಾಗಿ ಹೊರಗೆ ಹೋದರೆ ಎಂಜಿನ್ ಹಗುರಾಗುತ್ತೆ" ಅನ್ನುವುದು ಎಲ್ಲರ ವಾದ. ಫೋರ್ ಸ್ಟ್ರೋಕ್‌ನಲ್ಲಿ ಈ ವಾದಕ್ಕೆ ಒಂದಿಷ್ಟು ಅರ್ಥ ಇದೆ. ಹೊಗೆ ಬಿಡುವುದಕ್ಕೆ, ಮುಚ್ಚುವುದಕ್ಕೆ ಅಲ್ಲಿ ವಾಲ್ವ್ ಇದೆ. ಆರ್‌ಎಕ್ಸ್ ಟೂ ಸ್ಟ್ರೋಕ್. ಅದರ ಎಕ್ಸಾಸ್ಟ್‌ಗೆ, ಅಂದರೆ ಹೊಗೆ ಹೊರಬೀಳುವ ದಾರಿಗೆ, ಅಂಥ ವಾಲ್ವ್ ಎಲ್ಲಿದೆ? ಬ್ಲಾಕ್‌ನ, ಅಂದರೆ ಸಿಲಿಂಡರ್‌ನ ಗೋಡೆಯಲ್ಲಿ ಒಂದು ಕಿಂಡಿ, ಅಷ್ಟೇ. ಪಿಸ್ಟನ್ ಕೆಳಗಿಳಿದರೆ ತೆರೆಯುತ್ತದೆ, ಮೇಲೇರಿದರೆ ಮುಚ್ಚುತ್ತದೆ. ಹೊಗೆ ಹೋಗುವ ಹೊತ್ತಲ್ಲೇ ಇನ್ನೊಂದು ಕಿಂಡಿಯಿಂದ ಹೊಸ ಪೆಟ್ರೋಲ್ ಗಾಳಿಯೂ ಒಳಗೆ ಬರುತ್ತಿರುತ್ತದೆ. ಎರಡೂ ಕಿಂಡಿ ಒಟ್ಟಿಗೆ ತೆರೆದಿರುವಾಗ ಬಂದ ಹೊಸ ಮಾಲು ನೇರವಾಗಿ ಸೈಲೆನ್ಸರ್‌ಗೆ ಹೋಗದಂತೆ ತಡೆಯುವವರು ಯಾರು?

ಸೈಲೆನ್ಸರೇ ತಡೆಯಬೇಕು. ಬೇರೆ ಯಾರೂ ಇಲ್ಲ.

ಕಿಂಡಿ ತೆರೆದ ಕೂಡಲೇ ಒಂದು ಒತ್ತಡದ ಅಲೆ ಪೈಪ್‌ನಲ್ಲಿ ಓಡುತ್ತದೆ. ಬಿಸಿ ಹೊಗೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಪೈಪ್ ಅಗಲವಾಗುವ ಕಡೆ ಅದು ಎಳೆತದ ಅಲೆಯಾಗಿ ಹಿಂದಿರುಗುತ್ತದೆ. ಆ ಎಳೆತ ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನು ಹೀರಿಕೊಳ್ಳುತ್ತದೆ. ಹೊಗೆಯ ಹಿಂದೆಯೇ ಸ್ವಲ್ಪ ಹೊಸ ಮಾಲೂ ಪೈಪ್‌ಗೆ ಬರುತ್ತದೆ. ಮುಂದೆ ಪೈಪ್ ಮತ್ತೆ ಸಣ್ಣದಾಗುವ ಕಡೆ ಮೂಲ ಅಲೆ ತಳ್ಳುವ ಅಲೆಯಾಗಿ ವಾಪಸ್ ಬರುತ್ತದೆ. ಪಿಸ್ಟನ್ ಕಿಂಡಿ ಮುಚ್ಚುವ ಸ್ವಲ್ಪ ಮೊದಲು ತಲುಪಿ, ಹೊರಗೆ ಬಂದ ಮಾಲನ್ನು ಮತ್ತೆ ಒಳಕ್ಕೆ ನೂಕುತ್ತದೆ. ರೇಸ್ ಗಾಡಿಗಳ ಪೈಪ್ ಇಲಿ ನುಂಗಿದ ಹಾವಿನ ಹಾಗೆ ನಡುವೆ ಉಬ್ಬಿರುವುದು ಶೋಕಿಗಲ್ಲ, ಇದಕ್ಕೆ. ಆರ್‌ಎಕ್ಸ್‌ನದು ಹೊರಗಿಂದ ನೇರ ಕೊಳವೆಯ ಹಾಗೆ ಕಂಡರೂ ಒಳಗೆ ಇದೇ ಲೆಕ್ಕ ಇದೆ.

ಲೆಕ್ಕ ಅಂದೆ, ಹಾಕಿಯೇ ಬಿಡೋಣ. 7,500 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 8 ಮಿಲಿಸೆಕೆಂಡ್. ಕಿಂಡಿ ಸರಿಸುಮಾರು ಅರ್ಧ ಸುತ್ತು ತೆರೆದಿರುತ್ತದೆ, ಅಂದರೆ 4 ಮಿಲಿಸೆಕೆಂಡ್. ಅಷ್ಟರಲ್ಲಿ ಅಲೆ ಓಡುವುದು 2 ಮೀಟರ್. ಹೋಗಿ ಬರಬೇಕಲ್ವಾ, ಹಾಗಾಗಿ ಒಂದು ದಿಕ್ಕಿಗೆ 1 ಮೀಟರ್. ಕಿಂಡಿ ಮುಚ್ಚುವ ಮೊದಲೇ ತಲುಪಬೇಕಾದ್ದರಿಂದ ಅದಕ್ಕಿಂತ ಸ್ವಲ್ಪ ಕಡಿಮೆ. ಈಗ ಹ್ಯಾಕ್ಸಾ ಹಿಡಿದು ಅರ್ಧಕ್ಕೆ ಕತ್ತರಿಸಿದರೆ ಆ ಅಲೆಗೆ ತಿರುಗಲು ಗೋಡೆ ಎಲ್ಲಿ ಉಳಿಯಿತು? ಪೆಟ್ರೋಲ್ ಸುಡದೆ ಹೊರಗೆ ಹೋಗುತ್ತದೆ, ಗಾಡಿಯ ಪಿಕಪ್ ಬಿದ್ದುಹೋಗುತ್ತದೆ. ಉಳಿಯುವುದು ಸದ್ದು ಮಾತ್ರ.

ಈ ಅಲೆಯನ್ನು ಪಳಗಿಸಿದ್ದು ಪೂರ್ವ ಜರ್ಮನಿಯ ಎಂಜೆಡ್ ಬೈಕ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. 1961ರ ಹೊತ್ತಿಗೆ ಆತ 125 ಸಿಸಿಯಿಂದ 25 ಅಶ್ವಶಕ್ತಿ ತೆಗೆದಿದ್ದ. ಅದೇ ವರ್ಷ ಆತನ ರೈಡರ್ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿ, ಈ ಗುಟ್ಟಿನ ಸಮೇತ ಸುಜುಕಿ ಸೇರಿದ. 1962ರಲ್ಲಿ ಸುಜುಕಿಗೆ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಬಂತು. ಪೈಪ್‌ನ ಒಳಗಿನ ಗುಟ್ಟಿಗೆ ಅಷ್ಟು ಬೆಲೆ ಇತ್ತು ನೋಡ್ರಿ. ನಾವು ಅದನ್ನು ಕತ್ತರಿಸಿ ಗುಜರಿಗೆ ಹಾಕುತ್ತೇವೆ.

"ನಮ್ಮ ಗೆಳೆಯನ ಗಾಡಿ ಕಟ್ ಮಾಡಿಸಿದ ಮೇಲೆ ನಿಜವಾಗಲೂ ಓಡಿತು" ಅನ್ನುವವರಿದ್ದಾರೆ. ಓಡಿರಬಹುದು. ಯಾಕೆ ಗೊತ್ತಾ? ಮೊದಲು ಅದು ಕಾರ್ಬನ್ ತುಂಬಿ ಉಸಿರುಗಟ್ಟಿತ್ತು. ಸೈಲೆನ್ಸರ್ ತುದಿಯ ಒಂದು ಬೋಲ್ಟ್ ಬಿಚ್ಚಿ, ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ತೂತಿನ ಕೊಳವೆ) ಅನ್ನು ಪಕ್ಕಡ್‌ನಿಂದ ಎಳೆಯಿರಿ. ವರ್ಷಗಟ್ಟಲೆ ತೆಗೆಯದಿದ್ದರೆ ಬರುವುದೇ ಇಲ್ಲ, ತಿರುಗಿಸಿ ತಿರುಗಿಸಿ ಎಳೆಯಬೇಕು. ಹೊರಗೆ ಬಂದಾಗ ನೋಡಿ, ಕಬ್ಬಿಣವೇ ಕಾಣುವುದಿಲ್ಲ. ಡಾಂಬರಿನಂಥ ಅಂಟು, ಅದರ ಕೆಳಗೆ ಗಟ್ಟಿ ಕರಿ ಪದರ, ತೂತುಗಳೆಲ್ಲ ಮುಚ್ಚಿರುತ್ತವೆ. ಬಯಲಲ್ಲಿ ಸುಟ್ಟು, ತಂತಿ ಬ್ರಷ್‌ನಿಂದ ಉಜ್ಜಿ, ಮತ್ತೆ ಅಲ್ಲೇ ಹಾಕಿ. ಬ್ಲಾಕ್ ಬಿಚ್ಚಿದಾಗ ಎಕ್ಸಾಸ್ಟ್ ಕಿಂಡಿಯ ಕಾರ್ಬನ್ ಕೂಡ ಕೆರೆದು ತೆಗೆಸಿ. ಗೆಳೆಯನಿಗೆ ಸಿಕ್ಕ "ಪಿಕಪ್" ನಿಮಗೂ ಸಿಗುತ್ತದೆ, ಪೈಪ್ ಪೂರ್ತಿ ಉಳಿದಿರುತ್ತದೆ.

ನಂಬಿಕೆ ಬರದಿದ್ದರೆ ಪರೀಕ್ಷೆ ಮಾಡಿ. ಒಂದೇ ರಸ್ತೆ, ಒಂದೇ ಆಳು, ಮೂರನೇ ಗೇರ್, 30ರಿಂದ 60ಕ್ಕೆ ಎಷ್ಟು ಸೆಕೆಂಡ್ ಅಂತ ಮೊಬೈಲ್‌ನಲ್ಲಿ ಅಳೆಯಿರಿ. ಕಿವಿಯನ್ನು ಸಾಕ್ಷಿಗೆ ಕರೆಯಬೇಡಿ. ಇನ್ನು ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಹಳೇ ಗಾಡಿಯ ಆರ್‌ಸಿ ನವೀಕರಣಕ್ಕೆ ಹೋದಾಗ ಇದು ನೆನಪಿಗೆ ಬರುತ್ತದೆ.

ಹಾಗಾದರೆ ಪವರ್ ಎಲ್ಲಿಂದ? ಕಳೆದುಹೋದ 11 ಅಶ್ವಶಕ್ತಿಯನ್ನು ಮೊದಲು ವಾಪಸ್ ತನ್ನಿ. ಕ್ರ್ಯಾಂಕ್‌ನ ಆಯಿಲ್ ಸೀಲ್ ಒಣಗಿದ್ದರೆ ಹೊರಗಿನ ಗಾಳಿ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸದ್ದು ತಟ್ಟನೆ ಇಳಿಯದಿದ್ದರೆ ಮೊದಲ ಅನುಮಾನ ಅಲ್ಲೇ. ಪೆಟ್ರೋಲ್ ಗಾಳಿಯನ್ನು ಎಂಜಿನ್ ಒಳಗೆ ಬಿಡುವ ರೀಡ್ ವಾಲ್ವ್‌ನ ಎಲೆ ಚೂರಾಗಿದೆಯಾ ನೋಡಿ. ಬೋರ್ ಸವೆದಿದ್ದರೆ ಓವರ್‌ಸೈಜ್ ಪಿಸ್ಟನ್ ಹಾಕಿಸಿ. ಇಷ್ಟು ಸರಿಯಾದರೆ ಅರ್ಧ ಜನರಿಗೆ ಟ್ಯೂನಿಂಗ್ ಬೇಕೇ ಆಗುವುದಿಲ್ಲ. ಅದರ ಮೇಲೂ ಆಸೆ ಇದ್ದರೆ ಸರಿಯಾದ ಲೆಕ್ಕದ ಚೇಂಬರ್ ಪೈಪ್ (ರೇಸ್ ಗಾಡಿಯ ಆ ಉಬ್ಬಿದ ಪೈಪ್), ಅದಕ್ಕೆ ತಕ್ಕ ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ). ಎಕ್ಸಾಸ್ಟ್ ಕಿಂಡಿ ಎತ್ತರಿಸಿದರೆ ಪವರ್ ಮೇಲಿನ ಆರ್‌ಪಿಎಂಗೆ ಹೋಗುತ್ತದೆ. ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ಅಂಥ ಗಾಡಿ ಓಡಿಸುವುದು ಶಿಕ್ಷೆ.

ಯಾರೂ ಕೇಳದ ಒಂದು ಮಾತು ಹೇಳುತ್ತೇನೆ. ನಮ್ಮ ಕಡೆ ಪಿಸ್ಟನ್ ಹಿಡಿಯಿತು (ಬಿಸಿಗೆ ಉಬ್ಬಿ ಸಿಲಿಂಡರ್‌ಗೆ ಕಚ್ಚಿಕೊಂಡಿತು) ಅಂದರೆ ಎಲ್ಲರೂ ಬೇಸಿಗೆಯನ್ನೇ ಬೈಯುತ್ತಾರೆ. ಚಳಿಗಾಲವೂ ಹಿಡಿಸುತ್ತದೆ. ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಗಾಳಿ ತೆಳು. ಆಗ ಅಳತೆಗೆ ಸರಿಯಾಗಿ ಜೆಟ್ ಹಾಕಿಸುತ್ತೀರಿ, ಗಾಡಿ ಚೆನ್ನಾಗಿ ಓಡುತ್ತದೆ. ಡಿಸೆಂಬರ್‌ನ ನಸುಕಿನ 15 ಡಿಗ್ರಿಯಲ್ಲಿ ಗಾಳಿ ಸುಮಾರು 9 ಪರ್ಸೆಂಟ್ ದಟ್ಟವಾಗಿರುತ್ತದೆ, ಪೆಟ್ರೋಲ್ ಮಾತ್ರ ಅಷ್ಟೇ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ವಿಪರೀತ ಬಿಸಿಯಾಗುತ್ತದೆ. ಭಯಪಟ್ಟು ಪೆಟ್ರೋಲ್ ಟ್ಯಾಂಕಿಗೆ ಆಯಿಲ್ ಜಾಸ್ತಿ ಸುರಿದರೆ ಇನ್ನೂ ಕಷ್ಟ. ಅದೇ ಜೆಟ್‌ನಲ್ಲಿ ಆಯಿಲ್ ಜಾಗ ಹಿಡಿದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ. ಆಯಿಲ್ ಪಂಪ್ ಕೆಲಸ ಮಾಡುತ್ತಿದ್ದರೆ ಅದನ್ನು ನಂಬಿ.

ಫುಲ್ ಆಕ್ಸಿಲರೇಟರ್‌ನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಕೀ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡಿ. ಕಾಫಿ ಬಣ್ಣ ಇದ್ದರೆ ಸರಿ. ಬಿಳಿಚಿಕೊಂಡಿದ್ದರೆ ಒಂದು ಸೈಜ್ ದೊಡ್ಡ ಮೇನ್ ಜೆಟ್ ಬೇಕು. ಅದೊಂದನ್ನು ಟೂಲ್ ಬಾಕ್ಸ್‌ನಲ್ಲೇ ಇಟ್ಟುಕೊಳ್ಳಿ. ದೀಪಾವಳಿ ಕಳೆದ ಮೇಲೆ ಹಾಕಿ, ಬೇಸಿಗೆ ಶುರುವಾಗುವ ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ತೆಗೆಯಿರಿ.