ಮಾತು ಬಿಟ್ಟ ಆಟಕ್ಕೆ ನಿಲ್ಲಿಸುವ ಸನ್ನೆ ಯಾವುದು?

ಪಪ್ ಪ್ಲೇ ಎಂಬ ವಯಸ್ಕರ ಪಾತ್ರದಾಟದಲ್ಲಿ ಒಬ್ಬರು ನಾಯಿಮರಿಯ (ಪಪ್) ಪಾತ್ರ ವಹಿಸುತ್ತಾರೆ, ಇನ್ನೊಬ್ಬರು ಅದನ್ನು ನೋಡಿಕೊಳ್ಳುವ ಹ್ಯಾಂಡ್ಲರ್. ನಿಜವಾದ ಪ್ರಾಣಿಗೆ ಇಲ್ಲಿ ಜಾಗವೇ ಇಲ್ಲ. ಇದು ಕಾಯಿಲೆಯೇ ಎಂದು ಅಂಜುವವರು ಒಂದು ವಿಷಯ ತಿಳಿದಿರಲಿ: 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಇಂಥ ಆಸಕ್ತಿಯನ್ನು ಅದೊಂದೇ ಕಾರಣಕ್ಕೆ ಕಾಯಿಲೆ ಎನ್ನುವುದಿಲ್ಲ.

ಅಂಜಬೇಕಾದ್ದು ಬೇರೆಯೇ ಇದೆ. ಇಂಥ ಬೇರೆ ಆಟಗಳಲ್ಲಿ ನಿಲ್ಲಿಸಬೇಕೆಂದರೆ ‘ಸೇಫ್ ವರ್ಡ್’, ಅಂದರೆ ಮೊದಲೇ ಗೊತ್ತುಮಾಡಿಕೊಂಡ ಪದ, ಹೇಳಿದರೆ ಸಾಕು. ಇಲ್ಲಿ ಪಪ್ ಮಾತೇ ಆಡುವುದಿಲ್ಲ. ಬೆರಳುಗಳು ಮಿಟ್ಸ್ ಎಂಬ ಪಂಜದಂಥ ಕೈಗವಸಿನೊಳಗೆ ಮುಷ್ಟಿ ಕಟ್ಟಿರುತ್ತವೆ, ಮುಖಕ್ಕೆ ನಾಯಿಮುಖದ ಮುಸುಕು, ಅಂದರೆ ಹುಡ್. ಕೈಯಲ್ಲಿ ಹಿಡಿದ ಚೆಂಡು ಬೀಳಿಸುವ ಸನ್ನೆ ಮಿಟ್ಸ್ ಹಾಕಿದವರಿಗೆ ಒದಗುವುದಿಲ್ಲ. ದಪ್ಪ ಹಾಸಿನ ಮೇಲೆ ಬಿದ್ದರೆ ಸದ್ದೂ ಕೇಳುವುದಿಲ್ಲ. ನೆಲವನ್ನೋ ಹ್ಯಾಂಡ್ಲರ್ ಕಾಲನ್ನೋ ಮೂರು ಸಲ ಬಡಿಯುವುದು ಮೇಲು. ಹುಡ್, ಮಿಟ್ಸ್ ಯಾವುದನ್ನೂ ಹಾಕಿಕೊಳ್ಳುವ ಮುಂಚೆಯೇ ಈ ಸನ್ನೆಯನ್ನು ಎರಡು ಸಲ ಅಭ್ಯಾಸ ಮಾಡಿ. ಐದು ನಿಮಿಷಕ್ಕೊಮ್ಮೆ ಹ್ಯಾಂಡ್ಲರ್ ಅಂಗೈ ಚಾಚಬೇಕು. ಪಪ್ ಎರಡು ಸಲ ತಟ್ಟಿದರೆ ಸರಿಯಿದೆ ಎಂದರ್ಥ. ತಟ್ಟದಿದ್ದರೆ ಕಾಯಬೇಡಿ, ಹುಡ್ ತೆಗೆಯಿರಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಪಾತ್ರದಲ್ಲಿ ಮುಳುಗಿದವರು ಏನು ಕೇಳಿದರೂ ತಲೆಯಾಡಿಸಿಬಿಡುತ್ತಾರೆ. ಅದು ಒಪ್ಪಿಗೆಯಲ್ಲ. ಆಟದ ನಡುವೆ ಹೊಸದೇನಾದರೂ ಹೊಳೆದರೆ ಮುಂದಿನ ಸಲಕ್ಕಿಡಿ.

ಪಪ್ ಮಂಡಿಯೂರಿಯೇ ಇರುವುದರಿಂದ ಮಂಡಿಗೆ ತೆಳು ಸ್ಪಾಂಜಿನ ಪ್ಯಾಡ್ ಸಾಲದು. ಟೈಲ್ಸ್ ಹಾಕುವವರು ಕಟ್ಟಿಕೊಳ್ಳುವ ಜೆಲ್ ಪ್ಯಾಡ್ ಕೊಳ್ಳಿ, ಕೆಳಗೆ ಯೋಗ ಮ್ಯಾಟ್ ಹಾಸಿ. ಮಂಡಿಚಿಪ್ಪಿನ ಮುಂದಿರುವ ದ್ರವದ ಚೀಲ ಒತ್ತಡಕ್ಕೆ ಊದಿಕೊಳ್ಳುತ್ತದೆ. ಮೊದಲ ಸಲ ಹತ್ತೇ ನಿಮಿಷ ಸಾಕು. ಬೆರಳು ಜೋಮು ಹಿಡಿದರೆ ಮಿಟ್ಸ್ ಕೂಡಲೇ ಕಳಚಿ.

ಕಾಲರ್, ಅಂದರೆ ಕತ್ತಿನ ಪಟ್ಟಿಯ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಹಗ್ಗವನ್ನು ಎಳೆಯುವ ಆಟವಿದ್ದರೆ ಅದನ್ನು ಕಾಲರ್‌ಗೆ ಸಿಕ್ಕಿಸಲೇಬೇಡಿ, ಎದೆಗೆ ಕಟ್ಟುವ ಪಟ್ಟಿಯಾದ ಹಾರ್ನೆಸ್‌ಗೆ ಸಿಕ್ಕಿಸಿ. ಕತ್ತು ಎಳೆದರೆ ಶ್ವಾಸನಾಳವೂ ಮಿದುಳಿಗೆ ಹೋಗುವ ರಕ್ತನಾಳವೂ ಒತ್ತಿಹೋಗುತ್ತವೆ. ಪಪ್ ಅನ್ನು ಕಿಟಕಿ ಸರಳಿಗೆ ಕಟ್ಟಿ ಹ್ಯಾಂಡ್ಲರ್ ಆಚೆ ಹೋಗುವುದಂತೂ ಬೇಡವೇ ಬೇಡ. ನಿಯೋಪ್ರೀನ್ ಎಂಬ ರಬ್ಬರಿನಂಥ ಬಟ್ಟೆಯ ಹುಡ್ ಒಳಗೆ ಬೇಗ ಸೆಕೆಯಾಗುತ್ತದೆ. ಫ್ಯಾನ್ ಹಾಕಿ, ನೀರು ಕುಡಿಸಿ. ನೀರಿನ ಬಟ್ಟಲು ಹೊಸದಾಗಿರಲಿ, ಮನೆಯ ನಾಯಿಯದ್ದಲ್ಲ. ಆಸ್ತಮಾ ಇದ್ದವರ ಇನ್‌ಹೇಲರ್ ಹ್ಯಾಂಡ್ಲರ್ ಜೇಬಿನಲ್ಲಿರಬೇಕು.

ಮುಗಿದ ಮೇಲೆ ಮಾತು ನಿಧಾನವಾಗಿ ಮರಳುತ್ತದೆ. ಹೊದಿಕೆ ಹೊದಿಸಿ ಪಕ್ಕದಲ್ಲೇ ಕೂತಿರಿ, ಪ್ರಶ್ನೆ ಕೇಳಬೇಡಿ. ಮಾರನೇ ದಿನ ಮಂಡಿ ಊದಿ ಬಿಸಿಯಾಗಿದ್ದರೆ ವೈದ್ಯರಿಗೆ ತೋರಿಸಿ. ‘ತುಂಬಾ ಹೊತ್ತು ಮಂಡಿಯೂರಿದ್ದೆ’ ಎಂದರೆ ಚಿಕಿತ್ಸೆಗೆ ಅಷ್ಟು ವಿವರ ಸಾಕು.