ಗುಬ್ಬಕ್ಕನ ಕಥೆ ಮತ್ತು 36 ಮೆಟ್ಟಿಲು

ತೀರ್ಥಹಳ್ಳಿ ಹತ್ತಿರದ ನನ್ನ ತವರಿನಲ್ಲಿ ಮಳೆಗಾಲ ಬಂತೆಂದರೆ ಅಂಗಳಕ್ಕೆ ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರದ ಪಟ್ಟಿ, ಹಾಸುತ್ತಾರೆ. ಪಾಚಿ ಕಟ್ಟಿದ ನೆಲದಲ್ಲಿ ಜಾರಿ ಬೀಳಬಾರದಲ್ಲ, ಅದಕ್ಕೆ. ಹೋದ ಆಷಾಢದಲ್ಲಿ ಮಗಳಿಗೆ ಒಂದು ವರ್ಷ ನಾಲ್ಕು ತಿಂಗಳು. ಆ ದಬ್ಬೆಯ ಹುಚ್ಚು ಹಿಡಿಯಿತು ಅವಳಿಗೆ. ಜಗಲಿಯಿಂದ ಇಳಿಯುವುದು, ನಾಲ್ಕು ಹೆಜ್ಜೆ ಇಡುವುದು, ಧೊಪ್ಪೆಂದು ಕೂರುವುದು, ಏಳುವುದು, ತುಳಸಿಕಟ್ಟೆ ಮುಟ್ಟುವ ಮೊದಲೇ ವಾಪಸ್. ಯಾಕೆ ಹೊರಟಳು, ಯಾಕೆ ನಿಂತಳು, ಆ ದೇವರಿಗೇ ಗೊತ್ತು. ಕೊಡೆ ಹಿಡಿದು ಅವಳ ಹಿಂದೆ ಬಗ್ಗಿ ಬಗ್ಗಿ ಓಡಾಡಿ ಅರ್ಧ ಗಂಟೆಯಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಅಮ್ಮ ಜಗಲಿ ಮೇಲೆ ಕೂತು ನಕ್ಕಳು. "ವಾಕಿಂಗಿಗೆ ಟೈಮೇ ಇಲ್ಲ ಅಂತಿದ್ದೆ, ಇದೇನು ಮತ್ತೆ?"

ಇದು ವಾಕಿಂಗ್ ಅಲ್ಲ ಎಂದೆ. ಅಮ್ಮ ಒಪ್ಪಲಿಲ್ಲ. ಯಾರು ಸರಿ ಅಂತ ಹುಡುಕುತ್ತಾ ಹೋದೆ.

ಮಕ್ಕಳ ಈ ಓಡಾಟವನ್ನು ಕೂತು ಎಣಿಸಿದವರಿದ್ದಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಲೆಕ್ಕ ಇದು: 12ರಿಂದ 19 ತಿಂಗಳ ಮಗು ಆಟದ ಹೊತ್ತಿನಲ್ಲಿ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ. ದೂರದ ಲೆಕ್ಕದಲ್ಲಿ ಸುಮಾರು 700 ಮೀಟರ್. ಅದೂ ಒಂದೇ ಸಮನೆ ಅಲ್ಲ. ನಾಲ್ಕು ಹೆಜ್ಜೆ, ನಿಲ್ಲು. ಮತ್ತೆ ಹತ್ತು ಹೆಜ್ಜೆ, ಬೀಳು. ಹೀಗೆ ಚೂರುಚೂರಾಗಿ.

ನಮಗೆ, ಅಂದರೆ ದೊಡ್ಡವರಿಗೆ, ವ್ಯಾಯಾಮ ಎಂದರೆ ಚೂರು ಅಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು, ಶೂ ಕಟ್ಟಿ, ನೆಹರೂ ಕ್ರೀಡಾಂಗಣದಲ್ಲಿ ಸುತ್ತು ಹಾಕಬೇಕು. ಆಮೇಲೆ ಬಂದು ಬಿಸಿನೀರು ಕುಡಿಯಬೇಕು. ಎರಡು ವರ್ಷದ ಮಗು ಇರುವ ಮನೆಯಲ್ಲಿ ಈ ಚಿತ್ರ ಹರಿದೇ ಹೋಗುತ್ತದೆ. ರಾತ್ರಿ ಮೂರು ಸಲ ಎದ್ದವಳಿಗೆ ಐದೂವರೆ ಎಂದರೆ ನಡುರಾತ್ರಿ. ಮೇಲಿಂದ ಮಲೆನಾಡಿನ ಮಳೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ ಬಿಡಿ. ಆದರೂ ಸೋಮವಾರದಿಂದ ಶುರು ಮಾಡುತ್ತೇನೆ ಎಂದುಕೊಂಡವಳಿಗೆ ನೆಪ ಸಿಗುವಷ್ಟು ಇದೆ.

ವಿಜ್ಞಾನವೂ ಬಹಳ ಕಾಲ ಈ ಶೂ ಕಟ್ಟುವವರ ಕಡೆಗೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ 2010ರ ಸಲಹೆಯಲ್ಲಿ ಒಂದು ಷರತ್ತು ಇತ್ತು: ಒಂದೇ ಬಾರಿಗೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕಕ್ಕೆ. 2020ರಲ್ಲಿ ಹೊಸ ಸಲಹೆ ಬಂದಾಗ ಆ ಷರತ್ತನ್ನು ಕಿತ್ತುಹಾಕಿದರು. ಈಗ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರು ಶ್ರಮ. ಹೇಗೆ ಬೇಕಾದರೂ ಚೂರು ಮಾಡಿಕೊಳ್ಳಿ. 150ನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 21 ನಿಮಿಷ ಚಿಲ್ಲರೆ. ಇಷ್ಟು ಓದಿದಾಗ ಅಮ್ಮನೇ ಗೆದ್ದಳು ಅನ್ನಿಸಿತು.

ಪೂರ್ತಿ ಗೆದ್ದಿಲ್ಲ. ಮಧ್ಯಮ, ಜೋರು ಎಂದರೇನು? ಅದಕ್ಕೆ ವಾಚು ಬೇಡ, ಬಾಯಿ ಸಾಕು. ಮಾತಾಡಬಹುದು ಆದರೆ ಹಾಡು ಹೇಳಲು ಆಗುತ್ತಿಲ್ಲ ಎಂದರೆ ಮಧ್ಯಮ. ಎರಡು ಮೂರು ಮಾತಿಗೇ ಉಸಿರು ಕಟ್ಟಿದರೆ ಜೋರು. ಅಂಗಳದಲ್ಲಿ ಕೊಡೆ ಹಿಡಿದು ಓಡಾಡಿದಾಗ ನಾನು ಅಮ್ಮನ ಜೊತೆ ಆರಾಮಾಗಿ ಜಗಳ ಆಡುತ್ತಿದ್ದೆ. ಸೊಂಟ ನೋಯುವುದು ಬೇರೆ, ಉಸಿರು ಏರುವುದು ಬೇರೆ. ದಿನವಿಡೀ ದುಡಿದು ಸುಸ್ತಾದರೂ ಹೃದಯಕ್ಕೆ ಬೇಕಾದ ಕೆಲಸ ಸಿಕ್ಕಿರುವುದಿಲ್ಲ, ಎಷ್ಟೋ ತಾಯಂದಿರ ಕಥೆ ಇದೇ.

ಇನ್ನು ಮೆಟ್ಟಿಲಿಗೆ ಬರುತ್ತೇನೆ. ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. 36 ಮೆಟ್ಟಿಲು, ಲಿಫ್ಟ್ ಇಲ್ಲ. ಕೆಳಗೆ ಸ್ಕೂಟರ್ ನಿಲ್ಲಿಸಿದ ಕೂಡಲೇ ಮಗಳು ಎರಡೂ ಕೈ ಎತ್ತುತ್ತಾಳೆ. "ಎತ್ಕೋ." ಒಂದು ಕಂಕುಳಲ್ಲಿ ಅವಳು, ಇನ್ನೊಂದು ಕೈಯಲ್ಲಿ ತರಕಾರಿ ಚೀಲ. ಹತ್ತುವಾಗ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಲೇಬೇಕು. ಮೊದಲ ಹತ್ತು ಮೆಟ್ಟಿಲು ಮಳೆ ಚೆನ್ನಾಗಿ ಬರುತ್ತದೆ. ಹದಿನೆಂಟಕ್ಕೆ ಕಾಗಕ್ಕನ ಸಗಣಿ ಮನೆ ಕೊಚ್ಚಿ ಹೋಗುತ್ತದೆ. ಇಪ್ಪತ್ತೈದಕ್ಕೆ "ಗುಬ್ಬಕ್ಕಾ... ಗುಬ್ಬಕ್ಕಾ... ಬಾಗ್ಲು..." ಅಷ್ಟೇ. ಮುಂದೆ ಬರೀ ಏದುಸಿರು. ಇಗೋ, ಇದು ಜೋರು ಶ್ರಮ.

ಇದರಿಂದ ಎಷ್ಟು ಕ್ಯಾಲೊರಿ ಕರಗಿತು ಅಂತ ಕೇಳಬೇಡಿ, ಬೇಜಾರಾಗುತ್ತದೆ. ನಾನು, ಮಗಳು, ಚೀಲ ಸೇರಿ 70 ಕೆ.ಜಿ. ಎತ್ತರ ಸುಮಾರು 6 ಮೀಟರ್. ಇಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ 4,100 ಜೂಲ್, ಅಂದರೆ ಹತ್ತಿರಹತ್ತಿರ 1 ಕಿಲೊಕ್ಯಾಲೊರಿ. ಸ್ನಾಯು ಸುಟ್ಟ ಇಂಧನದಲ್ಲಿ ಹೆಚ್ಚೆಂದರೆ ಕಾಲು ಭಾಗ ಕೆಲಸಕ್ಕೆ ಬರುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ 4 ಕಿಲೊಕ್ಯಾಲೊರಿ ಎನ್ನೋಣ. ಒಂದು ಚಮಚ ಸಕ್ಕರೆಯಲ್ಲಿ 16 ಇರುತ್ತದೆ. ನಾಲ್ಕು ಸಲ ಹತ್ತಿದರೆ ಒಂದು ಲೋಟ ಕಾಫಿಯ ಸಕ್ಕರೆ ಕೂಡ ಸರಿಯಾಗಿ ಕರಗಲ್ಲ.

ಹಾಗಾದರೆ ಲಾಭ ಎಲ್ಲಿ? ಹೃದಯದಲ್ಲಿ. ತೊಡೆಯ ದೊಡ್ಡ ಸ್ನಾಯುಗಳು ಒಮ್ಮೆಲೇ ಆಮ್ಲಜನಕ ಕೇಳುತ್ತವೆ, ಬಡಿತ ಏರುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳಲು ಪಳಗುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಇಮ್ಯಾನುಯೆಲ್ ಸ್ಟಮಟಾಕಿಸ್ ಮತ್ತು ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬಲ ಕೊಡುತ್ತದೆ. ಬಿಡುವಿನಲ್ಲಿ ವ್ಯಾಯಾಮವನ್ನೇ ಮಾಡದ 25,241 ಬ್ರಿಟಿಷರ ಮಣಿಕಟ್ಟಿಗೆ ಚಲನವಲನ ಅಳೆಯುವ ಪಟ್ಟಿ ಕಟ್ಟಿ ನೋಡಿದ್ದರು. ಮೆಟ್ಟಿಲು ಹತ್ತುವುದೋ ಬಸ್ಸಿಗೆ ಓಡುವುದೋ, ಒಂದೆರಡು ನಿಮಿಷದ ಇಂಥ ಜೋರು ಶ್ರಮ ದಿನಕ್ಕೆ ಮೂರು ಸಲ ಇದ್ದವರಲ್ಲಿ, ಏನೂ ಇಲ್ಲದವರಿಗಿಂತ ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಸುಮಾರು ಅರ್ಧ ಕಡಿಮೆ ಇತ್ತು. ಅವರ ಸರಾಸರಿ ವಯಸ್ಸು 60 ದಾಟಿತ್ತು ಎನ್ನುವುದು ನೆನಪಿರಲಿ. ಮೊದಲೇ ಗಟ್ಟಿ ಇದ್ದವರೇ ಜೋರಾಗಿ ಮೆಟ್ಟಿಲು ಹತ್ತಿರಲೂಬಹುದು.

ಈ ಅನುಮಾನ ಹಳೆಯದು. 1953ರಲ್ಲಿ ಬ್ರಿಟನ್ನಿನ ವೈದ್ಯವಿಜ್ಞಾನಿ ಜೆರೆಮಿ ಮಾರಿಸ್ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್, ಕಂಡಕ್ಟರ್‌ಗಳನ್ನು ಹೋಲಿಸಿದ್ದರು. ಕೂತೇ ಇರುವ ಡ್ರೈವರ್‌ಗಳಿಗಿಂತ, ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುವ ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಆಮೇಲೆ ಅವರೇ ಸಮವಸ್ತ್ರದ ಅಳತೆ ತೆಗೆಸಿ ನೋಡಿದರು. ಡ್ರೈವರ್‌ಗಳ ಸೊಂಟ ಮೊದಲಿನಿಂದಲೂ ದಪ್ಪ! ಪ್ಯಾಂಟಿನ ಅಳತೆಯಲ್ಲೂ ವಿಜ್ಞಾನ ಹುಡುಕಿದ ಆ ಮನುಷ್ಯ ನನಗೆ ಬಹಳ ಇಷ್ಟ. ನಮ್ಮ ಘಟ್ಟದ ದಾರಿಯ ಕಂಡಕ್ಟರ್‌ಗಳನ್ನು ನೋಡಿದಾಗೆಲ್ಲ ನೆನಪಾಗುತ್ತಾನೆ.

ನನ್ನ ವಾಚಿನ ಮೇಲೆ ಮಾತ್ರ ಸಿಟ್ಟಿದೆ. ಮೈಯೆಲ್ಲ ಹಣ್ಣಾದ ದಿನ ಅದು ಮೂರು ಸಾವಿರ ಹೆಜ್ಜೆ ಎನ್ನುತ್ತದೆ. ಕಾರಣ ಸುಲಭ. ಅದು ಬಹುಪಾಲು ನೋಡುವುದು ಕೈ ಬೀಸುವುದನ್ನು. ಮಗು ಎತ್ತಿಕೊಂಡ ಕೈ ಬೀಸುವುದೇ ಇಲ್ಲ. ಇನ್ನು 10 ಸಾವಿರ ಹೆಜ್ಜೆ ಎನ್ನುವುದು ಹುಟ್ಟಿದ್ದೇ 1965ರ ಜಪಾನಿನಲ್ಲಿ, ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಾಗಿ. ಅದಕ್ಕೆ ಹೆದರುವುದು ಬೇಡ.

ಸ್ನಾಯುಗಳಿಗೆ ವಾರದಲ್ಲಿ ಎರಡು ದಿನವಾದರೂ ಭಾರದ ಕೆಲಸ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಸಲಹೆ. ಜಿಮ್ಮಿನಲ್ಲಿ ಸ್ವಲ್ಪಸ್ವಲ್ಪವೇ ತೂಕ ಏರಿಸುತ್ತಾರೆ. ನಮ್ಮ ಮನೆಯ ತೂಕ ತಾನೇ ಏರುತ್ತದೆ, ಎರಡನೇ ವರ್ಷದಲ್ಲಿ ತಿಂಗಳಿಗೆ ಸುಮಾರು 200 ಗ್ರಾಂ. ಎತ್ತುವಾಗ ಸೊಂಟ ಬಗ್ಗಿಸದೆ ಕುಕ್ಕರಗಾಲಲ್ಲಿ ಕೂತು, ಮಗುವನ್ನು ಎದೆಗೆ ಅವುಚಿಕೊಂಡು ತೊಡೆಯ ಬಲದಿಂದ ಏಳಬೇಕು. ಮೈಯಿಂದ ದೂರ ಹಿಡಿದಷ್ಟೂ ಬೆನ್ನಿನ ಮೇಲೆ ಹೊರೆ ಜಾಸ್ತಿ. ಒಂದೇ ಸೊಂಟದ ಮೇಲೆ ಕೂರಿಸಿಕೊಂಡರೆ ಮೈ ಒಂದು ಕಡೆ ವಾಲುತ್ತದೆ, ಆಗಾಗ ಬದಿ ಬದಲಿಸಬೇಕು. ಕೂಸುಮರಿ ಇನ್ನೂ ಒಳ್ಳೆಯದು, ಭಾರ ನಡುಮಧ್ಯಕ್ಕೆ ಬರುತ್ತದೆ. ಸಿಸೇರಿಯನ್ ಆಗಿದ್ದರೆ, ಹೊಟ್ಟೆಯ ಸ್ನಾಯು ಬಿಟ್ಟುಕೊಂಡಿದ್ದರೆ ಡಾಕ್ಟರನ್ನು ಕೇಳದೆ ಈ ಸಾಹಸ ಬೇಡ.

ರಾತ್ರಿ ಊಟ ಆದಮೇಲೆ ಅವಳನ್ನು ಹೆಗಲಿಗೆ ಹಾಕಿಕೊಂಡು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಇಪ್ಪತ್ತು ನಿಮಿಷ. ಉಸಿರೇನೂ ಏರುವುದಿಲ್ಲ. ಆದರೆ ದುಡಿಯುವ ಸ್ನಾಯು ಇನ್ಸುಲಿನ್ ಸಹಾಯ ಇಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಎರಡು ಸಲ ಅನ್ನ ಬಡಿಸಿಕೊಂಡ ರಾತ್ರಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ಈ ಪಾಳಿಯಲ್ಲಿ ನಾನು ಮತ್ತು ಗಂಡ ದಿನ ಬಿಟ್ಟು ದಿನ. ಮೊದಲು ಹಾಗಿರಲಿಲ್ಲ. ಅವರು ಬೆಳಿಗ್ಗೆ ಶಟಲ್ ಆಡಿ ಬಂದು "ನೀನೂ ಏನಾದರೂ ವ್ಯಾಯಾಮ ಮಾಡು" ಎನ್ನುತ್ತಿದ್ದರು. ಒಂದು ಭಾನುವಾರ ಮಗಳನ್ನು ಅವರ ಕೈಗೆ ಕೊಟ್ಟು ಗಾಂಧಿ ಪಾರ್ಕಿಗೆ ಕಳಿಸಿ, ನಾನು ತುಂಗೆಯ ದಂಡೆಗೆ ಒಬ್ಬಳೇ ನಡೆದೆ. ಬಂದು ನೋಡಿದರೆ ಅವರು ಸೋಫಾದಲ್ಲಿ ಉದ್ದಕ್ಕೆ ಬಿದ್ದಿದ್ದರು. ಶಟಲ್ಲೇ ವಾಸಿ ಎಂದರು. ಆ ಭಾನುವಾರ ಈಗ ರೂಢಿಯಾಗಿದೆ.

ಮಗಳಿಗೆ ಎರಡು ತುಂಬಿತು. ಕಥೆಯೂ ಮುಂದುವರೆದಿತ್ತು. ಹೋದ ತಿಂಗಳು ಮೂವತ್ತನೇ ಮೆಟ್ಟಿಲಿನ ತನಕ ಉಸಿರು ಬಂತು, ಗುಬ್ಬಕ್ಕ ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಮೊನ್ನೆ ಎಂದಿನಂತೆ ಬಗ್ಗಿ ಕೈ ಚಾಚಿದೆ. ಅವಳು ಚೀಲದಿಂದ ಒಂದು ಬದನೆಕಾಯಿ ಎಳೆದುಕೊಂಡು, ನನ್ನ ಕೈ ತಳ್ಳಿ, ಕಂಬಿ ಹಿಡಿದಳು. "ನಾನೇ ಹತ್ತೀನಿ." 36 ಮೆಟ್ಟಿಲಿಗೆ ಹದಿನಾಲ್ಕು ನಿಮಿಷ. ಕಥೆ ಮುಗಿದು, ಎರಡನೇ ಸಲ ಶುರುವಾಗಿ, ಕಾಗಕ್ಕನ ಮನೆ ಮತ್ತೊಮ್ಮೆ ಕೊಚ್ಚಿ ಹೋಯಿತು. ನನ್ನ ಉಸಿರು ಒಂಚೂರೂ ಏರಲಿಲ್ಲ.