ಹಂಗೇರಿಯ ‘ಬಾಚಿ’: ವಯಸ್ಸಾದ ಅಣ್ಣ

ಹಂಗೇರಿಯನ್ ಕಲಿಯಲು ಬರುವ ಕನ್ನಡಿಗರಿಗೆ ಮೊದಲ ದಿನ ನಾನು ಹೇಳಿಕೊಡುವುದು ಒಡಹುಟ್ಟಿದವರ ಹೆಸರು. ಬಾತ್ಯ ಅಂದರೆ ಅಣ್ಣ, ಒಚ್ ಅಂದರೆ ತಮ್ಮ (ತುಟಿ ದುಂಡಗೆ ಮಾಡಿಕೊಂಡು ‘ಎ’ ಅನ್ನಬೇಕು, ಆ ‘ಒ’ ಸರಿಯಾಗಿ ಬರುತ್ತದೆ). ಹಳೆಯ ಮಾತಿನಲ್ಲಿ ನೇನೆ ಅಂದರೆ ಅಕ್ಕ, ಹೂಗ್ ಅಂದರೆ ತಂಗಿ. ಇಂಗ್ಲಿಷಿನ ಹಾಗೆ ‘ಬ್ರದರ್’ ಅಂದು ದೊಡ್ಡವನೋ ಚಿಕ್ಕವನೋ ಅಂತ ವಿವರಿಸುವ ತಲೆನೋವು ಹಂಗೇರಿಯವರಿಗೂ ಇಲ್ಲ, ನಮಗೂ ಇಲ್ಲ.

ಬಾತ್ಯದ ‘ಬಾ’ಗೆ ಮುದ್ದಿನ ‘ಚಿ’ ಸೇರಿ ‘ಬಾಚಿ’ ಆಯಿತು. ನೇನೆಯಿಂದ ‘ನೇನಿ’ ಬಂತು. ಬೀದಿಯ ಹಿರಿಯ ಯಾನೋಶ್ ಎಲ್ಲರಿಗೂ ‘ಯಾನಿ ಬಾಚಿ’. ಹೆಸರು ಮೊದಲು, ಮರ್ಯಾದೆ ಆಮೇಲೆ, ನಮ್ಮ ರಾಮಣ್ಣ, ಸೀತಕ್ಕ ಇದ್ದ ಹಾಗೆ. ಡಿಕ್ಷನರಿಯಲ್ಲಿ ಬಾಚಿಗೆ ಸುಮ್ನೆ ‘ಅಂಕಲ್’ ಅಂತ ಬರೆದಿರುತ್ತಾರೆ. ತಪ್ಪೇನಿಲ್ಲ, ಆದರೆ ಒಳಗಿದ್ದ ಅಣ್ಣ ಕಾಣೆಯಾಗುತ್ತಾನೆ.

ಮಕ್ಕಳಿಗೆ ದೊಡ್ಡವರೆಲ್ಲ ಬಾಚಿ, ನೇನಿ. ಪ್ರೈಮರಿ ಶಾಲೆಯ ಟೀಚರಿಗೆ ಇಪ್ಪತ್ತಮೂರೇ ವರ್ಷ ಇರಲಿ, ಆಕೆ ‘ತನೀತೋ ನೇನಿ’ಯೇ. ದೊಡ್ಡವರು ಕರೆಯುವಾಗ ಮಾತ್ರ ಹುಷಾರಾಗಿರಬೇಕು. ನನ್ನ ವಿದ್ಯಾರ್ಥಿಯೊಬ್ಬ ಕೆಲಸಕ್ಕೆ ಸೇರಿದ ವಾರವೇ ನಲವತ್ತೈದರ ಮ್ಯಾನೇಜರನ್ನು ಬಾಚಿ ಅಂದುಬಿಟ್ಟ. ಅವರ ಮುಖ ಸಪ್ಪಗಾಯಿತಂತೆ. ಬಸ್ಸಿನಲ್ಲಿ ಯಾರೋ ಮೊದಲ ಸಲ ‘ಅಂಕಲ್, ಸ್ವಲ್ಪ ಸರೀರಿ’ ಅಂದಾಗ ನಮಗೂ ಹಾಗೇ ಆಗಿರುತ್ತದೆ, ಅಲ್ವಾ?

ಆಫೀಸಿಗೆ ‘ಊರ್’ ಇದೆ: ಕೊವಾಚ್ ಅನ್ನುವವರಿಗೆ ‘ಕೊವಾಚ್ ಊರ್’, ಡಾಕ್ಟರಿಗೆ ‘ದೊಕ್ತೊರ್ ಊರ್’. ಊರ್ ಅಂದರೆ ಒಡೆಯ. ದೇಶ ಅನ್ನುವ ಅರ್ಥದ ‘ಓರ್ಸಾಗ್’ ಹುಟ್ಟಿದ್ದೂ ಇದರಿಂದಲೇ. ಇದರ ಮೇಲೆ ಅಂತಸ್ತಿಗೆ ತಕ್ಕಂತೆ ‘ಮೇಲ್ತೋಶಾಗೋಶ್’, ‘ಕೆದ್ಯೆಲ್ಮೆಶ್’ ಅಂತ ಬಿರುದುಗಳಿದ್ದವು. 1947ರ ಕಾನೂನು ಅವನ್ನೆಲ್ಲ ತೆಗೆದುಹಾಕಿತು. ಕಮ್ಯುನಿಸ್ಟರ ಕಾಲದಲ್ಲಿ ಕಚೇರಿಗಳಲ್ಲಿ ‘ಎಲ್ವ್‌ತಾರ್ಶ್’, ಅಂದರೆ ಕಾಮ್ರೇಡ್, ಜಾಸ್ತಿ ಕೇಳಿಸುತ್ತಿತ್ತು. 1990ರ ಹೊತ್ತಿಗೆ ಅದೂ ಹೋಯಿತು. ಬಾಚಿಯ ತಂಟೆಗೆ ಮಾತ್ರ ಯಾವ ಸರ್ಕಾರವೂ ಹೋಗಲಿಲ್ಲ.

ನನಗೆ ತುಂಬ ಇಷ್ಟವಾದ ಬಾಚಿ ಫುಟ್ಬಾಲ್ ಆಟಗಾರ ಫೆರೆಂತ್ಸ್ ಪುಶ್ಕಾಶ್. ದೇಶಕ್ಕಾಗಿ 85 ಪಂದ್ಯಗಳಲ್ಲಿ 84 ಗೋಲು ಹೊಡೆದವರು. ಚಿಕ್ಕಂದಿನಿಂದ ಅವರ ಅಡ್ಡಹೆಸರು ‘ಒಚಿ’, ಅಂದರೆ ಪುಟ್ಟ ತಮ್ಮ. ವಯಸ್ಸಾದ ಮೇಲೆ ಹೆಸರು ಬಿಡಲಾಗದು, ಮರ್ಯಾದೆಯನ್ನೂ ಬಿಡುವ ಹಾಗಿಲ್ಲ. ಜನ ‘ಒಚಿ ಬಾಚಿ’ ಅಂದರು. ಇಂಗ್ಲಿಷಿಗೆ ಅನುವಾದಿಸುವವರು ಇಲ್ಲಿ ಒದ್ದಾಡುತ್ತಾರೆ. ನಮ್ಮಲ್ಲಿ ಹೆಸರು ಸಿದ್ಧವಾಗಿಯೇ ಇದೆ: ತಮ್ಮಣ್ಣ.